ಇಸೆಯ ಖಾಲಿ ಜಾಗ

ಕೇಂದ್ರ ಸರ್ಕಾರದ ಗುಮಾಸ್ತನಿಗೆ ಪರದೇಶ ಪ್ರಯಾಣವೆಂದರೆ ಮೊದಲು ಕಚೇರಿಯ ಅನುಮತಿ, ಆಮೇಲೆ ಬ್ಯಾಂಕಿನ ಪಾಸ್‌ಬುಕ್ಕು. ಅಂತೂ ನಗೋಯಾದಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಟಿಕೆಟ್ಟು ಕಳಿಸಿದ್ದರಿಂದ ನಾನೂ ಜಪಾನು ಕಂಡೆ. ಅವನು ನನ್ನನ್ನು ಇಸೆಯ ಶಿಂಟೋ ಮಂದಿರಕ್ಕೆ ಕರೆದೊಯ್ದ.

ಇಸುಜು ನದಿಯ ಮರದ ಸೇತುವೆ ದಾಟಿ, ಕೈ ಬಾಯಿ ತೊಳೆದು, ಸೂರ್ಯದೇವತೆ ಅಮತೆರಾಸುವಿನ ಸನ್ನಿಧಿಗೆ ಹೋದೆವು. ಸನ್ನಿಧಿ ಎಂದೆನಷ್ಟೆ, ಒಳಗಿನದೇನೂ ಕಾಣದು. ಬೇಲಿಯ ಬಾಗಿಲಿಗೆ ಬಿಳಿಯ ಪರದೆ. ಎರಡು ಸಲ ತಲೆಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿ ಹಿಂದಿರುಗಬೇಕು.

"ಎಷ್ಟು ಹಳೆಯದಪ್ಪಾ ಈ ಗುಡಿ?" ಎಂದೆ.

"2013ರದು, ಮಾವ."

ತಮಾಷೆಯಲ್ಲ. ಇಲ್ಲಿ ಹಿನೋಕಿ ಮರದ ಕಂಬಗಳನ್ನು ನೇರವಾಗಿ ಮಣ್ಣಿನಲ್ಲೇ ಹೂಳುತ್ತಾರೆ, ಚಾವಣಿಗೆ ಹುಲ್ಲು. ನನ್ನ ಬಿ.ಎಸ್ಸಿ. ಬುದ್ಧಿಗೆ ಮೊದಲು ಹೊಳೆದದ್ದು ಗೆದ್ದಲು! ಅವರ ಕ್ರಮವೇ ಬೇರೆ. ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಅದೇ ಮಾದರಿಯ ಹೊಸ ಗುಡಿ ಕಟ್ಟಿ, ರಾತ್ರಿ ಹೊತ್ತಿನಲ್ಲಿ ದೇವರನ್ನು ಅಲ್ಲಿಗೆ ಬಿಜಯಮಾಡಿಸಿ, ಹಳೆಯದನ್ನು ಬಿಚ್ಚುತ್ತಾರೆ. ಕ್ರಿ.ಶ. 690ರಲ್ಲಿ ಆರಂಭವಾದ ಈ ಪದ್ಧತಿ 2013ರಲ್ಲಿ 62ನೆಯ ಬಾರಿ ನಡೆಯಿತು, ಮುಂದಿನದು 2033ಕ್ಕೆ. ಹಳೆಯ ಗುಡಿಯ ದೊಡ್ಡ ಕಂಬಗಳು ಸೇತುವೆಯ ತುದಿಯ ಹೆಬ್ಬಾಗಿಲಾಗುತ್ತವೆ. ಇಪ್ಪತ್ತರ ಹುಡುಗ ಸಹಾಯಕನಾಗಿ ಕಲಿತದ್ದನ್ನು ನಲವತ್ತರಲ್ಲಿ ತಾನೇ ಮಾಡಬಹುದು, ಅರವತ್ತರಲ್ಲಿ ಇನ್ನೊಬ್ಬನಿಗೆ ಕಲಿಸಬಹುದು.

ಆ ಖಾಲಿ ಜಾಗದ ಮುಂದೆ ನಿಂತಾಗ ನನಗೆ ದೆಹಲಿಯ ಮನೆಯ ಟ್ರಂಕು ನೆನಪಾಯಿತು. ಊರಿನಲ್ಲಿ ತಂದೆಯವರು ಸಂಜೆ ಜಗುಲಿಯಲ್ಲಿ ಕುಳಿತು ಜೈಮಿನಿ ಭಾರತವನ್ನು ರಾಗವಾಗಿ ಓದುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಪುಸ್ತಕವನ್ನು ತಂದು, ಬಟ್ಟೆಯಲ್ಲಿ ಸುತ್ತಿ, ನುಸಿಗುಳಿಗೆಯಿಟ್ಟು ಕಾಪಾಡಿದ್ದೇನೆ. ಸರಸ್ವತಿ ಪೂಜೆಯ ದಿನ ಕುಂಕುಮವಿಡುತ್ತೇನೆ. ಓದಿದ್ದು ಮಾತ್ರ ಇಲ್ಲ. ನನ್ನ ಮಗಳು ಆ ರಾಗವನ್ನೇ ಕೇಳಿಲ್ಲ.

ಅಳಿಯನಿಗೆ ಹೇಳಿದೆ. "ಇಲ್ಲೂ ಯುದ್ಧಗಳ ಕಾಲದಲ್ಲಿ 120 ವರ್ಷಕ್ಕೂ ಹೆಚ್ಚು ನಿಂತುಹೋಗಿತ್ತು ಮಾವ. ಆಮೇಲೆ ಮತ್ತೆ ಶುರುಮಾಡಿದರು," ಎಂದ.

ಹಿಂದಿರುಗಿದ ವಾರವೇ ಟ್ರಂಕು ತೆಗೆದೆ. ಮೊದಲ ಪದ್ಯದಲ್ಲೇ ತಂದೆಯವರ ರಾಗ ಅರ್ಧಕ್ಕೆ ಕೈಕೊಟ್ಟಿತು. ಊರಿಗೆ ಫೋನು ಮಾಡಿ ಅಕ್ಕನನ್ನು ಕೇಳಿದೆ. ಅವಳಿಗೂ ಪೂರ್ತಿ ನೆನಪಿಲ್ಲ. ಇಬ್ಬರೂ ಸೇರಿ ಹೇಗೋ ಜೋಡಿಸಿದೆವು. ಬಾಗಿಲಲ್ಲಿ ನಿಂತಿದ್ದ ಮಗಳು "ಅಪ್ಪಾ, ಇನ್ನೊಂದು ಸಲ" ಎಂದಳು. ಕೇಳುವುದಕ್ಕೋ ನಗುವುದಕ್ಕೋ ತಿಳಿಯಲಿಲ್ಲ.

ಇನ್ನೊಂದು ಸಲ ಓದಿದೆ.