ಶೋಲಾ ಕಾಡಿನ ನೀಲಿ ಹಕ್ಕಿ ಮತ್ತು ನಮ್ಮ ಎಸ್.795

ಪ್ರಭೇದ ಅಂದ್ರೇನು ಅನ್ನೋದು ಕಾಫಿಯವರಿಗೆ ಗೊತ್ತಿರೋ ತಲೆನೋವು. ನಮ್ಮೆಲ್ಲರ ತೋಟದಲ್ಲೂ ಇರೋ ಎಸ್.795 ತಗೊಳ್ಳಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಎಸ್.288ಕ್ಕೂ ಕೆಂಟ್‌ಗೂ ಕ್ರಾಸ್ ಮಾಡಿ ತಂದ ತಳಿ. ಆ ಎಸ್.288ರ ಮೂಲ ಹುಡುಕಿದ್ರೆ ಅರೇಬಿಕಾ-ಲೈಬೀರಿಕಾ ತಾವಾಗೇ ಬೆರೆತ ಗಿಡ ಸಿಗುತ್ತೆ. ಪುಸ್ತಕದಲ್ಲಿ ಎರಡು ಪ್ರಭೇದ, ತೋಟದಲ್ಲಿ ಅಕ್ಕಪಕ್ಕ ನಿಂತಾಗ ಬೆರೆತೇಬಿಟ್ಟವು.

ಅಕ್ಕಪಕ್ಕ ಇದ್ರೆ ಬೆರೆಯುತ್ತವಾ ಇಲ್ವಾ ಅಂತ ನೋಡಬಹುದು. ಒಂದಕ್ಕೊಂದು ಭೇಟಿಯೇ ಆಗದಿದ್ದರೆ?

ಪಶ್ಚಿಮ ಘಟ್ಟದ ಎತ್ತರದ ಶೋಲಾದಲ್ಲಿ ಒಂದು ಚಿಕ್ಕ ನೀಲಿ ಹಕ್ಕಿ ಇದೆ. ನೆಲದ ಹತ್ತಿರ, ಪೊದೆಯ ಕತ್ತಲಲ್ಲೇ ಓಡಾಡುತ್ತೆ. ತಂಪು ಶೋಲಾ ಬಿಟ್ಟು ಬಿಸಿಲಿನ ಬಯಲು ದಾಟಿ ಇನ್ನೊಂದು ಬೆಟ್ಟಕ್ಕೆ ಹೋಗೋ ಪೈಕಿ ಅಲ್ಲ. ಹಾಗಾಗಿ ಅದಕ್ಕೆ ಬೆಟ್ಟದ ತುದಿಯೇ ದ್ವೀಪ, ಕೆಳಗಿನ ಬಯಲೇ ಸಮುದ್ರ. ವಿಜ್ಞಾನಿಗಳೂ ಇವನ್ನ ಆಕಾಶದ ದ್ವೀಪಗಳು ಅಂತಾನೇ ಕರೀತಾರೆ.

ವಿ.ವಿ. ರಾಬಿನ್, ಬೆಂಗಳೂರಿನ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಮತ್ತವರ ಜೊತೆಗಾರರು ವರ್ಷಗಟ್ಟಲೆ ಬೆಟ್ಟ ಸುತ್ತಿ, ಬಲೆಯಲ್ಲಿ ಹಕ್ಕಿ ಹಿಡಿದು, ಒಂದೆರಡು ಹನಿ ರಕ್ತ ತಗೊಂಡು ಬಿಟ್ಟರು. ವಂಶವಾಹಿ, ಬಣ್ಣ, ಮೈ ಅಳತೆ, ಹಾಡು ಎಲ್ಲಾ ಹೋಲಿಸಿದರು. ಉತ್ತರ 2017ರಲ್ಲಿ ಪ್ರಕಟವಾಯ್ತು. ಹಿಂದೆ ಈ ಹಕ್ಕಿಯನ್ನ ಹಿಮಾಲಯದ ಶಾರ್ಟ್‌ವಿಂಗ್‌ಗಳ ಜೊತೆ ಸೇರಿಸಿದ್ದರು. ಅದಲ್ಲ, ಇವು ನಮ್ಮ ಘಟ್ಟದ್ದೇ ಬೇರೆ ಕವಲು ಅಂತ ಗೊತ್ತಾಗಿ ಶೋಲಿಕೋಲ ಅನ್ನೋ ಹೊಸ ಕುಲದ ಹೆಸರು ಕೊಟ್ಟರು. ಶೋಲಾದಲ್ಲಿ ವಾಸಿಸೋದು ಅಂತ ಅರ್ಥ.

ಒಳಗೆ ಮೂರು ಪ್ರಭೇದ. ಪಾಲಕ್ಕಾಡ್ ಕಣಿವೆಯ ಉತ್ತರಕ್ಕೆ ಒಂದು, ಪಕ್ಕೆ ಕೆಂಗಂದು. ದಕ್ಷಿಣಕ್ಕೆ ಆನಮಲೈ-ಪಳನಿ ಕಡೆ ಇನ್ನೊಂದು, ಅದಕ್ಕೆ ಆ ಕೆಂಗಂದು ಇಲ್ಲ. ಶೆಂಕೋಟೆ ಕಣಿವೆ ದಾಟಿದ ಮೇಲೆ ಅಶಂಬು ಬೆಟ್ಟದಲ್ಲಿ ಮೂರನೇದು, ಅದು ಅವತ್ತಿನವರೆಗೆ ಹೆಸರೇ ಇಲ್ಲದ ಹಕ್ಕಿ. ಪಾಲಕ್ಕಾಡ್ ಕಣಿವೆ 30–40 ಕಿ.ಮೀ. ಅಗಲ, ಅಷ್ಟೇ. ನಮಗೆ ಒಂದು ಗಂಟೆ ದಾರಿ. ಆದರೆ ರಕ್ತದಲ್ಲಿರೋ ಲೆಕ್ಕ ನೋಡಿದ್ರೆ ಆಚೆ ಈಚೆಯವು ಬೇರೆಯಾಗಿ ಲಕ್ಷಾಂತರ ವರ್ಷ ಆಗಿದೆ.

ನಗೆಮಲ್ಲಗಳದ್ದೂ (ಲಾಫಿಂಗ್ ಥ್ರಶ್) ಇದೇ ಕಥೆ, ಅವು ನಾಲ್ಕು ಪ್ರಭೇದ. ಅದರಲ್ಲಿ ಒಂದು ವಯನಾಡಿನ ಬಾಣಾಸುರ ಬೆಟ್ಟ, ಕೊಡಗಿನ ಬ್ರಹ್ಮಗಿರಿ ಕಡೆಯ ಕೆಲವೇ ತುದಿಗಳಲ್ಲಿದೆ.

ಹೆಸರು ಬದಲಾದ್ರೆ ನಮಗೇನು ಅಂತ ಕೇಳಬಹುದು. ಲೆಕ್ಕ ಬದಲಾಗುತ್ತೆ ಸ್ವಾಮಿ. ಎಲ್ಲಾ ಒಂದೇ ಹಕ್ಕಿ ಅಂದ್ಕೊಂಡಾಗ ಒಂದು ಬೆಟ್ಟದಲ್ಲಿ ಹೋದ್ರೂ ಇನ್ನೊಂದರಲ್ಲಿ ಇದೆಯಲ್ಲ ಅನ್ನಬಹುದಿತ್ತು. ಬೇರೆ ಬೇರೆ ಅಂತ ಗೊತ್ತಾದ ಮೇಲೆ ಆ ಮಾತು ಆಡೋಕಾಗಲ್ಲ. ಒಂದು ಬೆಟ್ಟಸಾಲಿನ ಶೋಲಾ ಹೋಯ್ತು ಅಂದ್ರೆ ಪ್ರಪಂಚದಲ್ಲೇ ಆ ಹಕ್ಕಿ ಹೋಯ್ತು. ಬಿತ್ತನೆ ಬೀಜ ಒಂದೇ ಮನೆಯ ಪಣತದಲ್ಲಿ ಉಳಿದ ಹಾಗೆ.

ಉತ್ತರದ ಆ ಕೆಂಗಂದು ಪಕ್ಕೆಯ ಹಕ್ಕಿ ನಮ್ಮ ಬಾಬಾಬುಡನ್‌ಗಿರಿಯಲ್ಲೂ ಇದೆ. ನಮ್ಮ ತೋಟದ ಮೇಲ್ತುದಿಯಲ್ಲಿ ಎರಡು ಎಕರೆಯಷ್ಟು ಶೋಲಾ ಉಳಿದಿದೆ. ಅಲ್ಲಿ ಸಿಲ್ವರ್ ಹಾಕಿ ಅರೇಬಿಕಾ ವಿಸ್ತರಿಸೋಣ ಅಂತ ತಮ್ಮನ ವಾದ. ಸಾಲ ಇದೆ, ಅವನು ಹೇಳೋದರಲ್ಲಿ ತಪ್ಪಿಲ್ಲ. ಎರಡು ಎಕರೆಯಿಂದ ಒಂದು ಪ್ರಭೇದ ಉಳಿಯುತ್ತೆ ಅಂತ ನಾನೂ ಹೇಳಲ್ಲ. ಆದರೆ ಎಲ್ಲರ ತೋಟದ ಮೇಲೂ ಇಂಥದ್ದೇ ಒಂದೆರಡು ಎಕರೆ ಇದೆ, ನಮ್ಮ ಹಳ್ಳದ ನೀರೂ ಅಲ್ಲಿಂದಲೇ ಇಳಿಯೋದು. ಈ ವರ್ಷ ಮುಟ್ಟೋದು ಬೇಡ, ಇರೋ ತೋಟದಲ್ಲೇ ಖಾಲಿ ಜಾಗಕ್ಕೆ ಗಿಡ ತುಂಬೋಣ ಅಂತ ತಮ್ಮನನ್ನ ಒಪ್ಪಿಸಿದ್ದೀನಿ. ಮುಂದಿನ ವರ್ಷ ಮತ್ತೆ ಮಾತು ಬರುತ್ತೆ.

ನಿಮ್ಮ ಮೇಲ್ತುದಿಯಲ್ಲಿ ಎಷ್ಟು ಉಳಿದಿದೆ? ಬೆಳಗಿನ ಜಾವ ಪೊದೆಯೊಳಗಿಂದ ಸಿಳ್ಳೆ ಕೇಳಿದ್ರೆ ಬರೀರಿ.