ಭಾವನವರ ನಕ್ಷೆ

ಮುಂಬಯಿಯ ನಮ್ಮ ಭಾವನವರು ಈಗ ಪಂಚಾಂಗ ಬಿಟ್ಟು ಷೇರಿನ ನಕ್ಷೆ ಹಿಡಿದಿದ್ದಾರೆ. ಚಿಕ್ಕದೊಂದು ಸಾಫ್ಟ್‌ವೇರ್ ಕಂಪನಿಗೆ ದೊಡ್ಡ ಆರ್ಡರು ಬಂದ ಸುದ್ದಿ ಓದಿ, ಗೆರೆ ಮೇಲೇರುವುದನ್ನು ಕಂಡು, ಮಗಳ ಕಾಲೇಜಿಗೆಂದು ಕೂಡಿಟ್ಟ ಹಣವನ್ನೆಲ್ಲ ಅದರಲ್ಲಿ ಹಾಕಿದರು.

ನನ್ನನ್ನೂ ಕರೆದರು. ನಾನು ಕೇಂದ್ರ ಸರಕಾರದ ಗುಮಾಸ್ತ. 1964ರ ನಡತೆ ನಿಯಮಗಳಲ್ಲಿ 16ನೆಯದು ನಮಗೆ ಸಟ್ಟಾ ಕೂಡದೆನ್ನುತ್ತದೆ. ಪದೇ ಪದೇ ಕೊಂಡು ಮಾರಿದರೂ ಅದು ಸಟ್ಟಾವೇ. ಭಾವಂದಿರಿಗೂ ಇಂಥದೊಂದು ನಿಯಮವಿದ್ದಿದ್ದರೆ ಅಕ್ಕಂದಿರು ನೆಮ್ಮದಿಯಾಗಿ ನಿದ್ರಿಸುತ್ತಿದ್ದರು!

ಬೆಲೆ ಇಳಿಯತೊಡಗಿತು. ಆ ಷೇರಿಗೆ ದಿನಕ್ಕೆ ಶೇಕಡಾ 5ರ ಮಿತಿ. ಅಷ್ಟು ಇಳಿದೊಡನೆ ಅಂದು ಅದಕ್ಕಿಂತ ಕಡಿಮೆಗೆ ಮಾರುವಂತಿಲ್ಲ. ಆ ಬೆಲೆಗೋ ಕೊಳ್ಳುವವರಿಲ್ಲ. ನಕ್ಷೆಯಲ್ಲಿ ನಿನ್ನೆಯ ಬೆಲೆ ಕಾಣುತ್ತದೆ, ನಾಳೆಯ ಗಿರಾಕಿ ಕಾಣುವುದಿಲ್ಲ. “ಗೆರೆ ತಿರುಗುತ್ತದಯ್ಯಾ” ಎನ್ನುತ್ತಾರೆ ಭಾವ. ಅಕ್ಕ ಮಾತನಾಡುವುದಿಲ್ಲ. ಶುಲ್ಕ ಕಟ್ಟಲು ಇನ್ನು ಹತ್ತು ದಿನಗಳಿವೆ.