ಸೊನ್ನೆಯಲ್ಲ, ಚುಕ್ಕಿ

ಯಲಹಂಕ ಉಪನಗರದ ನಮ್ಮ ಮನೆಗೆ ಸಂಜೆ ಪಾಠಕ್ಕೆ ಬರುವ ಎರಡನೇ ತರಗತಿಯ ಮಕ್ಕಳು ಪೂರ್ಣವಿರಾಮವನ್ನು ವಾಕ್ಯದ ಕೊನೆಗಲ್ಲ, ಸಾಲಿನ ಕೊನೆಗೆ ಇಡುತ್ತಾರೆ. ಪುಟದ ಅಂಚು ಬಂತೋ, ಅಲ್ಲೊಂದು ಚುಕ್ಕಿ. ‘ಅಜ್ಜಿ ಸಂತೆಗೆ’ ಎಂಬಲ್ಲೇ ಅಜ್ಜಿ ನಿಂತುಬಿಟ್ಟರೆ, ಕೆಳಸಾಲಿನಲ್ಲಿ ‘ಹೋದಳು’ ಒಂಟಿ. ಬೈಯಲು ಮನಸ್ಸಾಗುವುದಿಲ್ಲ. ಸಾಲು ಕಣ್ಣಿಗೆ ಕಾಣುತ್ತದೆ; ವಾಕ್ಯವನ್ನು ಕಿವಿಯೇ ಹಿಡಿಯಬೇಕು.

ಇನ್ನೊಂದು ಪೇಚು ನಮ್ಮ ಲಿಪಿಯದು. ಒಬ್ಬಳು ‘ಇದು ಮರ’ ಎಂದು ಬರೆದು ಚುಕ್ಕಿಯನ್ನು ತಿದ್ದಿ ತಿದ್ದಿ ದುಂಡಗೆ ಮಾಡಿದಳು. ಚುಕ್ಕಿ ಸೊನ್ನೆಯಾಯಿತು, ವಾಕ್ಯ ‘ಇದು ಮರಂ’ ಆಯಿತು. ಅಪ್ಪಟ ಹಳಗನ್ನಡ! ಎಂಟನೇ ಶತಮಾನದವರಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು.

ಆ ಶತಮಾನ ನಮಗೇನೂ ದೂರವಿಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಅದೇ ಹಿರಿಯದು. ಅದರಲ್ಲಿ ನಮ್ಮ ಚುಕ್ಕಿಯಿಲ್ಲ, ಪದಗಳ ನಡುವೆ ಜಾಗವೂ ಇಲ್ಲ. ಓದುವವರು ಹೇಗೋ ನಿಭಾಯಿಸಿದರು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದು ಬಂದರೆ ಮಾತು ಮುಗಿಯಿತೆಂದೇ ಲೆಕ್ಕ. ‘ಬಂದನೇ’ ಎಂದಮೇಲೆ ಪ್ರಶ್ನಾರ್ಥಕ ಚಿಹ್ನೆ ಬರೀ ಶೋಕಿ. ಎಷ್ಟೋ ಶಾಸನಗಳು ‘ಮಂಗಳ ಮಹಾ ಶ್ರೀ’ ಎಂದು ಹರಸಿಯೇ ನಿಲ್ಲುತ್ತವೆ. ಪೂರ್ಣವಿರಾಮಕ್ಕೆ ಅಷ್ಟು ಸೌಜನ್ಯವೆಲ್ಲಿ?

ಚುಕ್ಕಿ ಬಂದದ್ದು ಅಚ್ಚಿನ ಕಾಲದಲ್ಲಿ, ಇಂಗ್ಲಿಷಿನ ಬೆನ್ನಿಗೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದು 1817ರಲ್ಲಿ. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನದು. (ಕಲ್ಲು ನಮ್ಮನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.) ಹಿಂದಿಯವರು ಹಳೆಯ ದಂಡವನ್ನೇ, ಅಂದರೆ ನಿಂತ ಗೆರೆಯನ್ನೇ, ಉಳಿಸಿಕೊಂಡರು. ಹಾಗಾಗಿ ನಮ್ಮ ಬಡಾವಣೆಯ ಮಗು ಒಂದೇ ಸಂಜೆ ಕನ್ನಡಕ್ಕೆ, ಇಂಗ್ಲಿಷಿಗೆ ಚುಕ್ಕಿ ಇಟ್ಟು, ಹಿಂದಿಗೆ ಗೆರೆ ನಿಲ್ಲಿಸಬೇಕು. ಬೆರೆಸಿ ಬರೆದರೆ ಆಶ್ಚರ್ಯವೇನು?

ನಮ್ಮ ಕಾಲದ ಉಕ್ತಲೇಖನದಲ್ಲಿ ಮೇಷ್ಟ್ರು ‘ಪೂರ್ಣವಿರಾಮ’ ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ತಕ್ಷಣ ಇಡೀ ತರಗತಿಯ ಬಳಪಗಳು ಸ್ಲೇಟಿನ ಮೇಲೆ ಟಕ್ ಎನ್ನುತ್ತಿದ್ದವು. ಆ ಸದ್ದಿಗೇ ನನಗೆ ಉಕ್ತಲೇಖನ ಇಷ್ಟ. ಹಿಂದೆ ಕೂತ ಕೆಲವರು ‘ಪೂರ್ಣವಿರಾಮ’ ಎಂದು ಅಕ್ಷರದಲ್ಲೇ ಬರೆದಿಡುತ್ತಿದ್ದರು; ವಿಧೇಯತೆಯಲ್ಲಿ ಅವರನ್ನು ಮೀರಿಸಿದವರಿಲ್ಲ.

ಆ ಟಕ್ಕನ್ನು ಈಗ ಮನೆಗೆ ತಂದಿದ್ದೇನೆ. ಒಬ್ಬರು ಕಥೆ ಹೇಳಬೇಕು, ಮಾತು ಮುಗಿಯಿತು ಅನ್ನಿಸಿದಲ್ಲಿ ಉಳಿದವರು ಪೆನ್ಸಿಲಿನಿಂದ ಮೇಜು ಕುಟ್ಟಬೇಕು. ಚೆನ್ನಾಗಿಯೇ ನಡೆಯುತ್ತಿತ್ತು. ಮೊನ್ನೆ ಆ ‘ಮರಂ’ ಹುಡುಗಿ ಶುರುಮಾಡಿದಳು: ‘ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ದೋಸೆ ತಿಂದು, ವ್ಯಾನ್ ಹತ್ತಿ, ಹೆಬ್ಬಾಳ ಫ್ಲೈಓವರ್ ಮೇಲೆ ನಿಂತು, ಸ್ವಲ್ಪ ಮುಂದೆ ಹೋಗಿ, ಮತ್ತೆ ನಿಂತು, ಆಮೇಲೆ ಇನ್ನೂ ನಿಂತು…’ ಪೆನ್ಸಿಲುಗಳು ಎತ್ತಿದ್ದು ಎತ್ತಿದಂತೆಯೇ ಇದ್ದವು. ಪಕ್ಕದ ಹುಡುಗ ತಾಳ್ಮೆಗೆಟ್ಟು, ‘ಯಾವಾಗಮ್ಮ ಕುಟ್ಟೋದು?’ ಎಂದ.

‘ಇರೋ, ವ್ಯಾನ್ ಇನ್ನೂ ಇಳಿದಿಲ್ಲ’ ಎಂದಳು.